ಬಾಲ ಕತ್ತರಿಸಿದ ಗಂಟು

ಆ ದೆವ್ವವನ್ನು ನಾವು ದೊಡ್ಡಮ್ಮ ಎಂದು ಕರೆಯುತ್ತಿದ್ದೆವು. ಬಿಳಿ ಸೀರೆ, ಕೆದರಿದ ಕೂದಲು, ಫೈಬರಿನ ಮುಖ, ಮೈಯೊಳಗೆ ಕಬ್ಬಿಣದ ಚೌಕಟ್ಟು. ಬೆಳಿಗ್ಗೆ ಪಾರ್ಕಿನ ಗೇಟು ತೆರೆಯುವ ಮುಂಚೆ ನಾವು ಒಬ್ಬರನ್ನೊಬ್ಬರು ಕೇಳುತ್ತಿದ್ದ ಮೊದಲ ಮಾತೇ, "ದೊಡ್ಡಮ್ಮಂಗೆ ತಲೆ ಬಾಚಾಯ್ತಾ?" ಸೇಲಂ ಊರಾಚೆ, ಬೆಟ್ಟದ ಬುಡದಲ್ಲಿರುವ ಆ ಪಾರ್ಕಿನಲ್ಲಿ ದೆವ್ವದ ಗುಹೆ ಎಂಬ ಆಟವಿತ್ತು. ಕತ್ತಲಲ್ಲಿ ಹಳಿಗಳ ಮೇಲೆ ಪುಟ್ಟ ಗಾಡಿಗಳು ಹೋಗುತ್ತವೆ. ಹೊಗೆ ಬರುತ್ತದೆ, ಬುರುಡೆಗಳ ಕಣ್ಣು ಮಿನುಗುತ್ತದೆ, ಕತ್ತಿನ ಹಿಂದೆ ತಣ್ಣನೆಯ ಗಾಳಿ ಊದುತ್ತದೆ. ಕೊನೆಯ ತಿರುವಿನಲ್ಲಿ ದೊಡ್ಡಮ್ಮ ಸೂರಿನ ಮೂಲೆಯಿಂದ ಜಾರಿ ಬಂದು, ಜನರ ತಲೆಯ ಮೇಲೆ ನಿಂತು ಕಿರುಚಿ, ವಾಪಸು ಹೋಗುತ್ತಾಳೆ. ಇವೆಲ್ಲ ಕೆಡದಂತೆ ನೋಡಿಕೊಳ್ಳುವುದು, ಕೆಟ್ಟರೆ ಸರಿಮಾಡುವುದು ನನ್ನ ಕೆಲಸ. ಈಗಲೂ ಅದೇ ಕೆಲಸ.

ಒಳಗೆ ಹೋಗಿ ಹೆದರಿದವರು ಹೊರಗೆ ಬಂದು ನಗುತ್ತಾರಲ್ಲ, ಆ ನಗು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವರ ತಪ್ಪೇನೂ ಇಲ್ಲ. ನಗಲಿಕ್ಕೆಂದೇ ಟಿಕೆಟ್ ತೆಗೆದವರು. ಆದರೂ ಉರಿಯುತ್ತದೆ. ಅದಕ್ಕಿಂತ ಹೆಚ್ಚು ಉರಿಯುವುದು ನಮ್ಮ ಬೀದಿಯವರು, "ತಂಗಿ ಅಂದ್ರೆ ಇವ್ನಿಗೆ ಪ್ರಾಣ ಕಣಪ್ಪ, ಅಣ್ಣ ಅಂದ್ರೆ ಇಂಗಿರ್ಬೇಕು" ಎಂದು ನನ್ನನ್ನು ತೋರಿಸಿ ತಮ್ಮ ಮಕ್ಕಳಿಗೆ ಹೇಳಿದಾಗ. ಪ್ರತಿ ಪೊಂಗಲ್‌ಗೆ ಕಬ್ಬು, ಅರಿಶಿನದ ಗಿಡ, ಸೀರೆ ಹಿಡಿದುಕೊಂಡು ಬಸ್ಸು ಹತ್ತಿ ತಂಗಿಯ ಮನೆಗೆ ಹೋಗುತ್ತೇನೆ. ಅಣ್ಣನಾದವನು ಸೀರು, ಅಂದರೆ ತವರಿನ ಉಡುಗೊರೆ, ಒಯ್ಯಬೇಕು, ಅದು ನಮ್ಮ ಕಡೆಯ ಪದ್ಧತಿ. ಕಂಡಕ್ಟರು ಕಬ್ಬಿನ ಜಲ್ಲೆ ಬಾಗಿಲಿಗೆ ಅಡ್ಡ ಬರುತ್ತದೆಂದು ಬೈಯುತ್ತಾನೆ. ಆ ಬೈಗುಳವೊಂದೇ ಆ ದಿನ ನನಗೆ ನ್ಯಾಯವಾಗಿ ಸಿಗುವುದು. ತಂಗಿಯ ಮನೆಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಎಲೆಗೆ ಬಡಿಸುತ್ತಾಳೆ. ನಾನು ಕೂತು ತಿನ್ನುತ್ತೇನೆ. ತಿಂದಿದ್ದೇನೆ, ಇಷ್ಟು ವರ್ಷ.

ನಮ್ಮದು ಸೇಲಂನಲ್ಲಿ ಮಗ್ಗದ ಮನೆ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಪಕ್ಕದ ಗುಂಡಿಮಗ್ಗಕ್ಕೆ ಇಳಿದೆ. ತಂಗಿ ನನಗಿಂತ ಸ್ವಲ್ಪ ಹೆಚ್ಚು ಓದಿದಳು. ಅಪ್ಪ ನಮಗೆ ಮೊದಲು ಕಲಿಸಿದ್ದು ನೇಯುವುದನ್ನಲ್ಲ, ಗಂಟು ಹಾಕುವುದನ್ನು. ಹಾಸಿನ ಎಳೆ ಹರಿದರೆ ಎರಡು ತುದಿ ಕೂಡಿಸಿ ಒಂದು ಸಣ್ಣ ಗಂಟು, ಆಮೇಲೆ ಬಾಲವನ್ನು ಗಂಟಿನ ಬುಡಕ್ಕೇ ಕತ್ತರಿಸಬೇಕು, ಉಗುಳು ತಾಗಿಸಿ ಎರಡು ಬೆರಳಲ್ಲಿ ಹೊಸೆಯಬೇಕು. ಬಾಲ ಉಳಿದರೆ ಎಳೆಗಳು ತೂರಿಬರುವ ಅಚ್ಚಿನ ಸಂದಿಯಲ್ಲಿ ಸಿಕ್ಕಿಕೊಂಡು ಪಕ್ಕದ ಎಳೆಯನ್ನೂ ಹರಿಯುತ್ತದೆ. "ಗಂಟು ಕಣ್ಗೂ ಕಾಣ್ಬಾರ್ದು, ಕೈಗೂ ಸಿಕ್ಬಾರ್ದು" ಎನ್ನುತ್ತಿದ್ದ ಅಪ್ಪ. ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಅಂಗೈ ಆಡಿಸುತ್ತಿದ್ದ. ಏನಾದರೂ ತಡೆದರೆ ಲಾಳಿಯಿಂದ ಮಣಿಕಟ್ಟಿಗೆ ಒಂದು ಏಟು. ಗಂಜಿ ಕುಡಿದ ಹತ್ತಿನೂಲಿನಲ್ಲಿ ಆ ಗಂಟು ಎಷ್ಟು ಚಿಕ್ಕದಾದರೂ ಜಾರುವುದಿಲ್ಲ. ನನ್ನ ಜೀವನದಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅದೊಂದೇ. ಹೆಮ್ಮೆ ಇತ್ತು.

ಬೀದಿಗೆ ಪವರ್‌ಲೂಮು ಬಂದ ಮೇಲೆ ಗುಂಡಿಮಗ್ಗಗಳು ಒಂದೊಂದಾಗಿ ನಿಂತವು. ನಾನು ಪಾರ್ಕಿನಲ್ಲಿ ಎಲೆಕ್ಟ್ರಿಷಿಯನ್ ಕೈಕೆಳಗೆ ಸೇರಿದೆ, ಅವನು ಬಿಟ್ಟುಹೋದಾಗ ಗುಹೆ ನನ್ನ ಪಾಲಿಗೆ ಬಂತು. ತಂಗಿಯನ್ನು ಅಲ್ಲಿಗೆ ಸೇರಿಸಿದ್ದು ನಾನಲ್ಲ, ಅವಳ ಬಾಯಿ. ಒಂದು ಭಾನುವಾರ ಅವ್ವನ ಜೊತೆ ಆಟ ನೋಡಲು ಬಂದಳು. ಹೊರಗೆ ಬಂದವಳೇ ಮ್ಯಾನೇಜರ್ ಎದುರಿಗೇ, "ಥೂ, ಮುಕಕ್ಕೆ ತಾಗ್ತದಲ್ಲ ಜೇಡನ್ ಬಲೆ, ಪ್ಲಾಸ್ಟಿಕ್ ಅಂತ ಗೊತ್ತಾಗ್ ಓಯ್ತದೆ ಅಣ್ಣ. ನಮ್ ಮಗ್ಗದ ಉಳಿಕೆ ನೂಲು ಕಟ್ಟು. ಒಸಿ ತ್ಯಾವ ಮಾಡು. ಆಮೇಕ್ ನೋಡು" ಎಂದಳು. ಮ್ಯಾನೇಜರಿಗೆ ಕನ್ನಡ ಬರುವುದಿಲ್ಲ, ನಾನು ತಮಿಳಿನಲ್ಲಿ ಹೇಳಿದೆ. ಅವನು ನಕ್ಕ. ಮರುದಿನ ನಾನು ಮನೆಯ ಮಗ್ಗದಲ್ಲಿ ಉಳಿದ ತುಂಡು ನೂಲುಗಳನ್ನು ಕಂತೆ ಕಟ್ಟಿ ತಂದು, ನೀರು ಚಿಮುಕಿಸಿ, ಎರಡನೆಯ ತಿರುವಿನಲ್ಲಿ ಇಳಿಬಿಟ್ಟೆ. ಒಳಗಿನಿಂದ ಬಂದ ಕೂಗಿಗೆ ಟಿಕೆಟ್ ಕೌಂಟರಿನವನು ಎದ್ದು ನಿಂತ. ವಾರ ತುಂಬುವುದರೊಳಗೆ ಅವಳಿಗೂ ಪಾರ್ಕಿನ ಅಂಗಿ ಕೊಟ್ಟರು.

ಅವಳು ಬಂದ ಮೇಲೆ ಆ ಗುಹೆಗೆ ಜೀವ ಬಂತು. ದೊಡ್ಡಮ್ಮನಿಗೆ ನಮ್ಮ ಬೀದಿಯ ನೂಲಿನ ಸೀರೆ ಉಡಿಸಿದಳು, ಗಾಡಿಯ ಗಾಳಿಗೆ ಸೆರಗು ತಾನಾಗಿಯೇ ಏಳುವ ಹಾಗೆ. ಹೊಗೆ ಯಂತ್ರದ ಮೂತಿ ಕಟ್ಟಿಕೊಂಡರೆ ಬಿಸಿನೀರಲ್ಲಿ ನೆನೆಸಿ ಹೊಲಿಗೆ ಸೂಜಿಯಲ್ಲಿ ಬಿಡಿಸುತ್ತಿದ್ದಳು. ನೀಲಿ ದೀಪಕ್ಕೆ ಹೊಳೆಯುವ ಬಣ್ಣ ಬುರುಡೆಗಳಲ್ಲಿ ಮಾಸಿದರೆ ಹಲ್ಲಿನ ಸಂದಿಗೆ ಮಾತ್ರ ಹಚ್ಚುತ್ತಿದ್ದಳು. ಕಿರುಚುವ ಸ್ವಿಚ್ಚು ಹಳಿಯ ಮೇಲೆ ಎಲ್ಲಿರಬೇಕೆಂದು ನನ್ನ ಜೊತೆ ಜಗಳವಾಡಿದಳು. "ಮೊದ್ಲು ಗಾಳಿ ಅಣ್ಣ. ಕತ್ತಿಗೆ ತಣ್ಗೆ ಅನ್ಬೇಕು. ಯಾರೋ ಇಂದೆ ಅವ್ರೆ ಅಂತ ತಿರುಗ್ ನೋಡ್ಬೇಕು. ಆಮೇಕ್ ಕೂಗು." ಸ್ವಿಚ್ಚನ್ನು ಒಂದು ಗೇಣು ಮುಂದಕ್ಕೆ ಸರಿಸಿದೆವು. ಅವಳು ಹೇಳಿದ್ದೇ ಸರಿ. ಮ್ಯಾನೇಜರು ಬಂದವರಿಗೆಲ್ಲ ಅವಳನ್ನು ಕರೆದು ತೋರಿಸುತ್ತಿದ್ದ. ನನ್ನ ಹೊಟ್ಟೆಯಲ್ಲಿ ಸಣ್ಣಗೆ ಏನೋ ಹೊಗೆಯಾಡುತ್ತಿತ್ತು ಎಂಬುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ದೊಡ್ಡಮ್ಮ ಹೇಗೆ ಓಡಾಡುತ್ತಾಳೆ ಎಂದು ಹೇಳಬೇಕು, ಇಲ್ಲವಾದರೆ ನಾನು ಮಾಡಿದ್ದು ಅರ್ಥವಾಗುವುದಿಲ್ಲ. ಸೂರಿನಲ್ಲಿ ಇಳಿಜಾರಾಗಿ ಒಂದು ಕಬ್ಬಿಣದ ಕೊಳವೆ. ಅದರ ಮೇಲೆ ಉರುಳುವ ಚಕ್ರಕ್ಕೆ ಅವಳನ್ನು ತೂಗುಹಾಕಿದೆ. ಹಿಂದಿನಿಂದ ಒಂದು ಹಗ್ಗ ಅವಳನ್ನು ಹಿಡಿದಿರುತ್ತದೆ. ಮೋಟಾರು ಹಗ್ಗ ಬಿಟ್ಟರೆ ತನ್ನ ತೂಕಕ್ಕೇ ಜಾರಿ ಬರುತ್ತಾಳೆ, ಸುತ್ತಿದರೆ ಹಿಂದೆ ಹೋಗುತ್ತಾಳೆ. ಹಗ್ಗ ದಾರಿ ತಪ್ಪದಿರಲೆಂದು ನಡುವೆ ಅದು ತೂರಿಹೋಗುವ ಒಂದು ಕಬ್ಬಿಣದ ಬಳೆ. ಕೊಳವೆಯ ತುದಿಯಲ್ಲಿ ಅವಳು ಆಚೆ ಹೋಗದಂತೆ ಒಂದು ತಡೆ ಇರಬೇಕು. ಇತ್ತು. ತುಕ್ಕು ಹಿಡಿದು ಮುರಿಯಿತು. ಹಾಕಿಸಿ ಎಂದು ಕೇಳಿದೆವು, ಹಾಕಿಸಲಿಲ್ಲ. ಹಗ್ಗ ನೈಲಾನಿನದು, ಸ್ಟೀಲ್ ತಂತಿ ಕೊಡಿ ಎಂದು ಕೇಳಿದೆವು, ಕೊಡಲಿಲ್ಲ. ಹೊರಗಿನ ಗೇಟಿಗೆ ಡೈನೋಸಾರಿನ ತಲೆ ಮಾಡಿಸಿದರು. ಅದಕ್ಕೆ ಹಣ, ಕೆಲಸಗಾರರು, ಕ್ರೇನು ಎಲ್ಲ ಬಂತು. ಆ ಡೈನೋಸಾರಿನ ಬಾಯೊಳಗೆ ಕಲ್ಲು ಹೊಡೆಯಬೇಕು ಅನ್ನಿಸುತ್ತದೆ, ಇವತ್ತಿಗೂ, ಕೆಲಸಕ್ಕೆ ಹೋಗುವಾಗ ದಿನಾ.

ಅದು ಪೊಂಗಲ್ ರಜೆಯ ದಿನ. ಬೆಳಿಗ್ಗೆ ತಂಗಿ ಏಣಿ ಹತ್ತಿ ನೋಡಿದವಳು ಮೇಲಿನಿಂದಲೇ ಕೂಗಿದಳು. "ಅಣ್ಣ, ಅಗ್ಗ ಸವ್ದ್ ಓಗೈತೆ. ದೊಡ್ಡಮ್ಮಂಗೆ ಇವತ್ತು ಲೀವು." ಮ್ಯಾನೇಜರು ಬಂದ. ಹೊರಗೆ ಸಾಲು ರಸ್ತೆಯವರೆಗೆ ನಿಂತಿತ್ತು. "ಅವಳೆ ಪಾಕ್ಕತ್ತಾನಮ್ಮಾ ಕೂಟ್ಟಮೇ," ಅವಳನ್ನು ನೋಡಲಿಕ್ಕೇ ಜನ ಬಂದಿರುವುದು ಎಂದ. "ಇನ್ನಿಕ್ಕಿ ಒರು ನಾಳ್ ಓಟ್ಟು." ಇವತ್ತೊಂದು ದಿನ ಓಡಿಸು. ತಂಗಿ ನನ್ನ ಮುಖ ನೋಡಿದಳು. ನಾನು ಅಣ್ಣ, ಗುಹೆ ನನ್ನದು, ಆಗುವುದಿಲ್ಲ ಎನ್ನಬೇಕಾದವನು ನಾನು. "ಕಟ್ಟಿ ಬಿಡು, ಏನಾಗ್ತದೆ" ಎಂದೆ.

ಸವೆದ ಭಾಗ ತೆಗೆದು ಎರಡು ತುದಿಗಳನ್ನು ಅವಳು ಕಟ್ಟಿದಳು. ಕಟ್ಟಿದ್ದು ಅಪ್ಪನ ಗಂಟೇ. ಆದರೆ ಎರಡೂ ಕಡೆ ಗೇಣುದ್ದ ಬಾಲ ಬಿಟ್ಟಳು, ಆ ಬಾಲದ ತುದಿಗೆ ಮತ್ತೊಂದು ದಪ್ಪ ಗಂಟು ಹಾಕಿ ಬಿಗಿದಳು.

"ಅಪ್ಪ ನೋಡಿದ್ರೆ ಲಾಳೀಲಿ ಒಡೀತಿದ್ದ" ಎಂದೆ ನಾನು, ಕೆಳಗಿನಿಂದ.

"ಅಪ್ಪ ನೈಲಾನ್ ನೇಯ್ಲಿಲ್ಲ ಬುಡು. ಇದು ಜಾರೋ ಜಾತಿ. ಬಾಲ ಬೇಕು ಇದ್ಕೆ."

ನಾನು ನೋಡಿದೆ. ನನ್ನ ಎರಡು ಕಣ್ಣಿನಿಂದ ನೋಡಿದೆ.

ಆ ದಪ್ಪ ಬಾಲ ಬಳೆ ದಾಟುವಾಗ ಸಿಕ್ಕಿ ಬಿಡುತ್ತಿತ್ತು. ದೊಡ್ಡಮ್ಮ ನಡುವೆ ಒಮ್ಮೆ ತಡವರಿಸಿ, ಕುಲುಕಿ, ಆಮೇಲೆ ಮುಂದೆ ಬರುತ್ತಿದ್ದಳು. ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, "ಜರ್ಕ್ ಅಡಿಕ್ಕುದುಪ್ಪಾ, ಬೊಂಬೆ ಮಾದಿರಿ ಇರುಕ್ಕು" ಎಂದ. ಕುಲುಕು ಹೊಡೆಯುತ್ತದಂತೆ, ಬೊಂಬೆಯ ಹಾಗೆ ಕಾಣುತ್ತದಂತೆ. ಬೊಂಬೆಯಲ್ಲದೆ ಮತ್ತೇನು? ಆದರೆ ಆ ಮಾತು ನನ್ನನ್ನು ಕೆಣಕಿತು. ಮೊದಲ ಸಲ ಅವಳ ಕೆಲಸದಲ್ಲಿ ಕುಂದು ಹೇಳಿದ್ದರು, ಅದನ್ನು ಸರಿಮಾಡುವ ಕೈ ನನ್ನದಾಗಿತ್ತು. ಊಟದ ಹೊತ್ತಿಗೆ ಆಟ ಸ್ವಲ್ಪ ನಿಲ್ಲಿಸುತ್ತೇವೆ. ಅವಳು ಕ್ಯಾಂಟೀನಿಗೆ ಹೋದಳು. ನಾನು ಏಣಿ ಹತ್ತಿದೆ. ಅವಳ ಗಂಟು ಬಿಚ್ಚಿದೆ. ಬಿಗಿಯಾಗಿತ್ತು, ಹಲ್ಲು ಹಾಕಿ ಬಿಚ್ಚಬೇಕಾಯಿತು. ಅದೇ ಗಂಟನ್ನು ಚಿಕ್ಕದಾಗಿ ಕಟ್ಟಿ, ಬಾಲವನ್ನು ಬುಡಕ್ಕೇ ಕತ್ತರಿಸಿ, ಉಗುಳು ತಾಗಿಸಿ ಹೊಸೆದೆ. ನೈಲಾನಿಗೆ ಉಗುಳು! ಕಣ್ಣು ಮುಚ್ಚಿ ಬೆರಳು ಆಡಿಸಿ ನೋಡಿದೆ, ಅಪ್ಪನ ಹಾಗೆ. ಕೈಗೆ ಸಿಗಲಿಲ್ಲ.

ಊಟ ಮುಗಿದ ಮೇಲೆ ದೊಡ್ಡಮ್ಮ ಬೆಣ್ಣೆಯಲ್ಲಿ ಜಾರಿದ ಹಾಗೆ ಬಂದಳು. ಮ್ಯಾನೇಜರು ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದ. ತಂಗಿ, "ಅದ್ಯಾಕೆ ಕುಲುಕ್ತಾ ಇಲ್ಲ ಈಗ?" ಎಂದು ಕೇಳಿದಳು. "ಬಳೆಗೆ ಎಣ್ಣೆ ಬಿಟ್ಟೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು. ಆ ಮಧ್ಯಾಹ್ನ ನಾನು ಸಂತೋಷವಾಗಿದ್ದೆ. ಬೇರೆ ಎಲ್ಲಕ್ಕಿಂತ ಆ ಸಂತೋಷದ ಮೇಲೆ ನನಗೆ ಹೆಚ್ಚು ಸಿಟ್ಟು.

ಬಿಸಿಲು ಇಳಿಯುವ ಹೊತ್ತಿಗೆ ಗಂಟು ಜಾರಿತು. ನಾನು ಮೋಟಾರಿನ ಕೋಣೆಯಲ್ಲಿದ್ದೆ. ಕಿರುಚುವ ಧ್ವನಿ ಬಂತು, ದಢ್ ಎಂದು ಬಿದ್ದ ಸದ್ದು ಬಂತು, ಆಮೇಲೆ ನಿಜವಾದ ಕಿರುಚಾಟ. ಹೊರಗೆ ಸಾಲಿನಲ್ಲಿದ್ದವರು ಅದನ್ನು ಕೇಳಿ ನಕ್ಕರು. ಆಟ ಜೋರಾಗಿದೆ ಎಂದುಕೊಂಡರು. ಆ ನಗು ಕೇಳುತ್ತಲೇ ನಾನು ಒಳಗೆ ಓಡಿ ದೀಪ ಹಾಕಿದೆ.

ದೀಪ ಹಾಕಿದರೆ ಗುಹೆ ಬರೀ ಪ್ಲೈವುಡ್ಡು, ಜೇಡ, ತಂತಿ. ದೊಡ್ಡಮ್ಮ ಮುಂದಿನ ಗಾಡಿಯ ಮೇಲೆ ಮಗುಚಿ ಬಿದ್ದಿದ್ದಳು. ಮೆಟ್ಟೂರಿನ ಕಡೆಯಿಂದ ಮನೆಯವರ ಜೊತೆ ಬಂದಿದ್ದ ಒಬ್ಬ ಹೆಂಗಸಿನ ಭುಜದ ಮೇಲೆ ಆ ಕಬ್ಬಿಣದ ಮೈ ಬಡಿದಿತ್ತು. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. ನನಗಿಂತ ಮುಂಚೆ ತಂಗಿ ಅಲ್ಲಿದ್ದಳು, ಆ ಹೆಂಗಸನ್ನು ಎದೆಗೆ ಆನಿಸಿಕೊಂಡು, "ಏನಿಲ್ಲಕ್ಕಾ, ಏನಿಲ್ಲಕ್ಕಾ" ಎನ್ನುತ್ತಿದ್ದಳು. ನಾನು ನೋಡಿದ್ದು ಹಗ್ಗವನ್ನು. ತುದಿಯಲ್ಲಿ ಗಂಟು ಬಿಚ್ಚಿಕೊಂಡ ಗುರುತು, ಸಣ್ಣ ಸುಕ್ಕು, ಬುಡಕ್ಕೆ ಕತ್ತರಿಸಿದ ಬಾಲ. ಯಾರು ನೋಡಿದರೂ ಗೊತ್ತಾಗುತ್ತಿತ್ತು. ತಂಗಿ ನೋಡಿದ್ದರೆ ಖಂಡಿತ ಗೊತ್ತಾಗುತ್ತಿತ್ತು. ಜನ ಗಾಯಗೊಂಡ ಹೆಂಗಸನ್ನು ಹೊರಗೆ ಎತ್ತಿಕೊಂಡು ಹೋಗುತ್ತಿದ್ದಾಗ ನಾನು ಜೇಬಿನ ಕತ್ತರಿಯಿಂದ ಆ ಎರಡು ತುದಿಗಳನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಗಂಟು ತಪ್ಪಿ ಕಟ್ಟಿದ್ದು ಮೂರ್ಖತನ ಎನ್ನಬಹುದು. ಇದನ್ನು ಏನೆನ್ನುವುದು?

ಆ ಹೆಂಗಸಿನ ಭುಜ ಆಮೇಲೆ ಏನಾಯಿತು ಎಂದು ನಾನು ಒಂದು ಸಲವೂ ವಿಚಾರಿಸಲಿಲ್ಲ.

ಸಂಜೆ ಮ್ಯಾನೇಜರು ಆಫೀಸಿನಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿ, "ಯಾರು ಕಟ್ಟಿನದು?" ಎಂದ. ಓಡಿಸು ಎಂದವನು ಅವನೇ. ತಡೆ ಹಾಕಿಸದವನು ಅವನೇ. ಈಗ ಕಟ್ಟಿದವರು ಯಾರು ಎಂದು ಕೇಳುತ್ತಿದ್ದ.

"ನಾನ್‌ದಾನ್ ಸಾರ್" ಎಂದಳು ತಂಗಿ. ನಾನೇ ಎಂದು, ಒಂದು ಗಳಿಗೆ ಕೂಡ ಯೋಚಿಸದೆ.

ನನ್ನ ಬಾಯಲ್ಲಿ ನಾಲಗೆ ಇತ್ತು.

ಅವಳು ಪಾರ್ಕಿನ ನೀಲಿ ಅಂಗಿ ಮಡಿಸಿ ಮೇಜಿನ ಮೇಲಿಟ್ಟಳು. ನನ್ನನ್ನು ಇಟ್ಟುಕೊಂಡರು. ಗುಹೆಗೆ ಬೀಗ ಹಾಕಿ ಬೇರೆ ಆಟಗಳಿಗೆ ಸೂಪರ್‌ವೈಸರ್ ಮಾಡಿದರು. ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಅವಳು ಕೇಳಿದಳು, "ಅಣ್ಣ, ನಾ ಬಾಲ ಬುಟ್ಟಿದ್ನಲ್ವಾ? ನೀನೂ ನೋಡ್ದೆ, ಅಲ್ವಾ? ಲಾಳೀಲಿ ಒಡೀತಿದ್ದ ಅಂದ್ಯಲ್ಲ?"

ನಾನು ಕಿಟಕಿಯ ಆಚೆ ನೋಡಿದೆ. "ಸರ್ಯಾಗ್ ನೋಡ್ಲಿಲ್ಲಮ್ಮ. ನೀ ಸಾದಾ ಕಟ್ದಂಗಿತ್ತು" ಎಂದೆ.

ಕೆಲಸ ಹೋದದ್ದು ದೊಡ್ಡದಲ್ಲ. ನಮ್ಮಂಥವರಿಗೆ ಕೆಲಸ ಹೋಗುತ್ತದೆ, ಬರುತ್ತದೆ. ಆ ಒಂದು ಮಾತಿನಿಂದ ನಾನು ಅವಳ ಕಣ್ಣನ್ನು ಅವಳಿಂದ ಕಿತ್ತುಕೊಂಡೆ. ಅವಳಿಗೆ ಬಾಲ ಬಿಟ್ಟದ್ದು ನೆನಪಿತ್ತು. ಆದರೆ ಅಣ್ಣ ಇಲ್ಲ ಎನ್ನುತ್ತಿದ್ದಾನೆ, ಅಣ್ಣ ಯಾಕೆ ಸುಳ್ಳು ಹೇಳುತ್ತಾನೆ? ಅಂದಮೇಲೆ ತನ್ನ ನೆನಪೇ ಸುಳ್ಳು. ಅಲ್ಲಿಂದ ಶುರುವಾಯಿತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎದ್ದೆದ್ದು ಹೋಗಿ ನೋಡುವಳು. ಬಾಗಿಲ ಚಿಲಕ ಹಾಕಿ ಮತ್ತೆ ತೆಗೆದು ಮತ್ತೆ ಹಾಕುವಳು. ಉಳಿದಿದ್ದ ಒಂದು ಮಗ್ಗದಲ್ಲಿ ಎಳೆ ಹರಿದರೆ, "ಅವ್ವ, ನೀನೇ ಗಂಟಾಕು" ಎಂದು ದೂರ ಸರಿಯುವಳು. ಅವ್ವ ದೃಷ್ಟಿ ತೆಗೆದಳು, ಮಾರಿಯಮ್ಮನಿಗೆ ಹರಕೆ ಹೊತ್ತಳು. ನಾನು ಆ ಹರಕೆಗೆ ಬಾಳೆಹಣ್ಣು ತಂದುಕೊಟ್ಟೆ.

ಆಮೇಲೆ ಅವಳನ್ನು ಧರ್ಮಪುರಿಯ ಹತ್ತಿರ ಅದಿಯಮಾನ್‌ಕೋಟೆಗೆ ಮದುವೆ ಮಾಡಿಕೊಟ್ಟೆವು. ಅವರೂ ಕನ್ನಡದವರು, ಹೂವಿನ ತೋಟದವರು. ಒಳ್ಳೆಯ ಜನ. ಜಗಲಿಯ ತುಂಬ ಹೆಂಗಸರು ಕೂತು ಸೇವಂತಿಗೆ, ಕನಕಾಂಬರ ಕಟ್ಟುತ್ತಾರೆ. ನನ್ನ ತಂಗಿ ಹೂವು ಕೀಳುತ್ತಾಳೆ, ಕಟ್ಟುವುದಿಲ್ಲ. "ನಮ್ ಸೊಸೆ ನೇಯ್ಗೆ ಮನೆಯೋಳು, ನೂಲ್ ಕಂಡ್ರೆ ಎದ್ರುತಾಳೆ" ಎಂದು ಅವಳ ಅತ್ತೆ ತಮಾಷೆ ಮಾಡುತ್ತಾಳೆ. ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ಪೊಂಗಲ್ ಎಲೆಯ ಮುಂದೆ ಕೂತು ನಾನೂ ನಕ್ಕಿದ್ದೇನೆ.

ಹೋದ ವರ್ಷ ಮ್ಯಾನೇಜರು ನನ್ನನ್ನು ಕರೆದು ಗುಹೆಯನ್ನು ಮತ್ತೆ ತೆರೆಯೋಣ ಎಂದ. ಯಾರೋ ಹಳೆಯ ವಿಡಿಯೋ ಫೋನಿನಲ್ಲಿ ಹಾಕಿದ್ದರು, ಎಲ್ಲರೂ ಆ ಮುದುಕಿ ದೆವ್ವ ಎಲ್ಲಿ ಎಂದು ಕೇಳುತ್ತಿದ್ದರಂತೆ. ಬೀಗ ತೆಗೆದು ಒಳಗೆ ಹೋದೆವು. ಬಾವಲಿಯ ವಾಸನೆ. ಎರಡನೆಯ ತಿರುವಿನಲ್ಲಿ ಅವಳು ಆಮೇಲೆ ಹೊಸದಾಗಿ ಕಟ್ಟಿದ್ದ ನೂಲಿನ ಕಂತೆಗಳು ಹಾಗೇ ಇಳಿಬಿದ್ದಿದ್ದವು, ಒಂದೂ ಕಳಚಿರಲಿಲ್ಲ. ಟಾರ್ಪಾಲಿನ ಕೆಳಗೆ ದೊಡ್ಡಮ್ಮ. ಮುಖದ ಬಣ್ಣ ಎದ್ದಿತ್ತು, ಕೂದಲನ್ನು ಇಲಿ ತಿಂದಿತ್ತು, ಸೀರೆ ಹಿಡಿದರೆ ಪುಡಿಯಾಗುತ್ತಿತ್ತು.

"ಉನ್ ತಂಗಚ್ಚಿಯೆ ಕೂಪ್ಪಿಡುಪ್ಪಾ. ಅವದಾನ್ ಸರಿ ಇದುಕ್ಕು" ಎಂದ ಮ್ಯಾನೇಜರು. ನಿನ್ನ ತಂಗಿಯನ್ನು ಕರೆ, ಇದಕ್ಕೆ ಅವಳೇ ಸರಿ. ಕ್ಯಾಂಟೀನಿನಿಂದ ಟೀ ತರಿಸು ಎನ್ನುವ ಹಾಗೆ ಹೇಳಿದ. ಅವಳ ಅಂಗಿ ಬಿಚ್ಚಿಸಿದ ಬಾಯಿಯಿಂದಲೇ. ಅವನ ಕುತ್ತಿಗೆ ಪಟ್ಟಿ ಹಿಡಿಯಬೇಕೆಂದು ಕೈ ಎದ್ದಿತು. ಎದ್ದ ಕೈ ನನ್ನದು, ಅದೇ ಕತ್ತರಿ ಹಿಡಿದ ಕೈ. ಕೆಳಗೆ ಇಳಿಸಿದೆ.

ತಂಗಿಯ ಊರಿಗೆ ಹೋಗುವ ಬಸ್ಸಿನಲ್ಲಿ, ತೊಪ್ಪೂರಿನ ಘಾಟಿ ದಾಟುವವರೆಗೂ ನಾನು ಮಾತು ಜೋಡಿಸುತ್ತಿದ್ದೆ. ಒಂದೂ ನಿಲ್ಲಲಿಲ್ಲ. ಮನೆ ತಲುಪಿದಾಗ ಜಗಲಿಯಲ್ಲಿ ಅವಳ ಅತ್ತೆ ಹೂವು ಕಟ್ಟುತ್ತಿದ್ದಳು.

"ಬಾಪ್ಪಾ. ಪೊಂಗಲ್ ಇನ್ನೂ ದೂರ ಐತೆ, ಆಗ್ಲೇ ಸೀರ್ ತಂದ್ಬುಟ್ಯಾ?"

ತಂಗಿ ತೋಟದಿಂದ ಬುಟ್ಟಿ ಹೊತ್ತು ಬಂದಳು. "ಅಣ್ಣ! ಊಟ ಮಾಡ್ಕೊಂಡೇ ಓಗ್ಬೇಕು, ಬಸ್ ಗಿಸ್ ಅಂತ ಏನೂ ಏಳ್ಬೇಡ." ನಾನು ಗುಹೆ ತೆರೆಯುವ ಸುದ್ದಿ ಹೇಳಿದೆ. ಅವಳ ಮುಖ ಒಂದು ಕ್ಷಣ ಬೆಳಗಿತು. "ದೊಡ್ಡಮ್ಮ ಇನ್ನೂ ಅವ್ಳಾ? ಕೂದ್ಲು?"

"ಇಲಿ ತಿಂದೈತೆ."

"ಪಾಪ, ಬೋಳ್ತಲೆ ದೆವ್ವ." ನಕ್ಕಳು. ಆಮೇಲೆ ನಾನು ಬಂದದ್ದು ಯಾಕೆಂದು ತಿಳಿಯಿತು. ನಗು ಇಳಿಯಿತು. "ನಾ ಬರಲ್ಲ ಅಣ್ಣ. ನನ್ ಕೈ ಸರಿ ಇಲ್ಲ. ಒಬ್ಬಮ್ಮನ್ ಮೂಳೆ ಮುರ್ದ ಕೈ ಇದು. ನಂಬ್ಬೇಡ ಇದನ್ನ."

"ಮುಚ್ಚೇ ಬಾಯಿ!" ಎಂದು ಕಿರುಚಿದೆ. ಜಗಲಿಯಲ್ಲಿ ಹೂವು ಕಟ್ಟುವ ಕೈಗಳು ನಿಂತವು. ನನಗೆ ಸಿಟ್ಟು ಬಂದದ್ದು ಅವಳ ಮೇಲೆ. ಯಾಕೆ ಇಷ್ಟು ಸುಲಭವಾಗಿ ನಂಬಿದಳು? ಯಾಕೆ ನನ್ನ ಜೇಬು ತಡಕಿ ನೋಡಲಿಲ್ಲ? ಆ ಸಿಟ್ಟಿನಲ್ಲೇ ಹೇಳಿಬಿಟ್ಟೆ. ಜೋಡಿಸಿದ ಮಾತು ಯಾವುದೂ ಬರಲಿಲ್ಲ. ನಿನ್ನ ಗಂಟು ಬಿಚ್ಚಿ ನಾನು ಬೇರೆ ಕಟ್ಟಿದೆ, ಜಾರಿದ್ದು ನನ್ನದು, ತುದಿ ಕತ್ತರಿಸಿ ಬಚ್ಚಿಟ್ಟೆ, ಅಷ್ಟೇ.

ಅವಳು ಬುಟ್ಟಿ ಇಳಿಸಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತುಂಬ ಹೊತ್ತು ಒರೆಸಿದಳು.

"ಬಾಲ ಇತ್ತಾ?"

"ಇತ್ತು. ಎರಡೂ ಕಡೆ. ಗೇಣುದ್ದ."

"ಬಾಲಕ್ಕೆ ಗಂಟಿತ್ತಾ?"

"ಇತ್ತು. ಕಚ್ಚಿ ಬಿಚ್ದೆ."

"ಬಸ್ಸಲ್ಲಿ ಕೇಳ್ದೆ ನಿನ್ನ."

"ಕೇಳ್ದೆ."

"ಪೈತ್ಯಕಾರಿ, ತಲೆ ಕೆಟ್ಟೋಳ್ ತರ ಎದ್ದೆದ್ದು ಗ್ಯಾಸ್ ನೋಡಿದೀನಿ." ಅವಳ ಧ್ವನಿ ಏರಲಿಲ್ಲ. "ಅಸು ಕಟ್ಟೋ ಅಗ್ಗ ಬಿಗ್ದು ಬಿಗ್ದು, ಅದ್ರ ಕತ್ ಗಾಯ ಆಯ್ತು ಅಂತ ಬೈಸ್ಕೊಂಡಿದೀನಿ. ನನ್ ಕಣ್ಣೇ ನಂಗೆ ಸುಳ್ಳು ಏಳ್ತದೆ ಅಂತ ಬದ್ಕಿದೀನಿ. ನೀ ಬಂದು ಊಟ ಮಾಡ್ಕೊಂಡ್ ಓದೆ. ವರ್ಸ ವರ್ಸ ಬಂದು ಊಟ ಮಾಡ್ಕೊಂಡ್ ಓದೆ."

ನಾನು ಬಗ್ಗಲು ಹೋದೆ. "ಕಾಲ್ ಗೀಲ್ ಇಡ್ದೀಯ!" ಎಂದು ಹಿಂದೆ ಸರಿದಳು. "ಆ ಮ್ಯಾನೇಜರ್‌ಗೆ ಏಳ್ದ್ಯಾ ಇದ್ನ?"

"ಇಲ್ಲ."

"ಓಗಿ ಏಳು. ಎಲ್ರು ಮುಂದೆ ಏಳು. ಆಮೇಕ್ ಪೋನ್ ಮಾಡು, ಬಂದು ನಾನೇ ಕಟ್ತೀನಿ. ಸ್ಟೀಲ್ ತಂತಿ ಬೇಕು, ತಡೆ ಬೇಕು. ಇಲ್ದಿದ್ರೆ ಬರಲ್ಲ."

ಒಳಗೆ ಹೋದಳು. ಅವಳ ಅತ್ತೆ ಹೂವಿನ ದಾರದಿಂದ ಕಣ್ಣೆತ್ತದೆ ಹೇಳಿದಳು, "ಬಸ್ ಬರೋ ಒತ್ತಾಯ್ತು, ಓಗಪ್ಪ."

ಮರುದಿನ ಕ್ಯಾಂಟೀನಿನಲ್ಲಿ ಎಲ್ಲರೂ ಕೂತಿರುವಾಗ ಮ್ಯಾನೇಜರ ಎದುರು ನಿಂತು ಹೇಳಿದೆ. ಕೆಲಸದಿಂದ ತೆಗೆಯಲಿ, ಪೊಲೀಸಿಗೆ ಕೊಡಲಿ ಎಂದೇ ಹೋಗಿದ್ದೆ. ಅವನು ದೋಸೆ ತಿನ್ನುತ್ತಿದ್ದ. "ಅಡ, ಅದು ಪಳಸಪ್ಪಾ. ವುಡು" ಎಂದ. ಹಳೆಯದು, ಬಿಡು. ಚಟ್ನಿ ಹಾಕಿಸಿಕೊಂಡ. ಅವನಿಗೆ ಯಾವತ್ತೂ ಬೇಕಾಗಿದ್ದು ಕಟ್ಟಿದ ಕೈ ಯಾವುದು ಎಂದಲ್ಲ, ಮನೆಗೆ ಕಳಿಸಲು ಒಂದು ಕೈ. ನನ್ನನ್ನು ಯಾರೂ ಹೊಡೆಯಲಿಲ್ಲ. ತಂತಿಗೂ ತಡೆಗೂ ಮಾತ್ರ ಬಿಡಲಿಲ್ಲ ನಾನು. ಅವೆರಡು ಬಂದು ಕೈ ಸೇರುವವರೆಗೂ ಅವನ ಬಾಗಿಲಲ್ಲೇ ನಿಂತೆ. ಆಗ ನಿಲ್ಲಬೇಕಿತ್ತು ಹಾಗೆ.

ಅವಳು ಬಂದಳು. ಕೆಲಸ ಮುಗಿಯುವ ತನಕ ಸೇಲಂನಲ್ಲಿ ಅವ್ವನ ಹತ್ತಿರ ಉಳಿದಳು. ಬೀದಿಯ ಕೊನೆಯ ಮಗ್ಗದಿಂದ ಹೊಸ ಉಳಿಕೆ ನೂಲು ತಂದಳು. ದೊಡ್ಡಮ್ಮನ ಮೈ ತೊಳೆದು, ಮುಖಕ್ಕೆ ಪುಟ್ಟಿ ತುಂಬಿ ಉಜ್ಜಿ, ಕೂದಲು ಹೊಲಿದು, ಸೀರೆ ಉಡಿಸಿದಳು. ನನ್ನ ಜೊತೆ ಮಾತೆಂದರೆ "ಏಣಿ", "ಸ್ಪ್ಯಾನರು", "ಲೈಟಾಕು". ಅಣ್ಣ ಎನ್ನಲಿಲ್ಲ. ಸ್ಟೀಲ್ ತಂತಿ ಎಳೆದು ಕ್ಲಾಂಪ್ ಹಾಕಿದಳು. ಬಿಗಿದು, ಬಿಚ್ಚಿ, ಮತ್ತೆ ಬಿಗಿದಳು. ಆಮೇಲೆ ಕಣ್ಣು ಹತ್ತಿರ ಒಯ್ದು ನೋಡಿ, ಸಾಕು ಎಂಬಂತೆ ಸ್ಪ್ಯಾನರನ್ನು ನನ್ನ ಕೈಗೆ ಎಸೆದಳು. ಮತ್ತೆ ಮುಟ್ಟಿ ನೋಡಲಿಲ್ಲ. ಇದೊಂದು ಹರಿದರೂ ಹಿಡಿಯಲಿ ಎಂದು ಪಕ್ಕದಲ್ಲಿ ಎರಡನೆಯ ತಂತಿ ಎಳೆದಳು. ಅದರ ಕೊಂಡಿ ಬಳೆ ದಾಟುವಾಗ ದೊಡ್ಡಮ್ಮ ಒಮ್ಮೆ ತಡವರಿಸಿ ಕುಲುಕಿದಳು.

"ಜರ್ಕ್ ಅಡಿಕ್ಕುದೇ" ಎಂದ ಮ್ಯಾನೇಜರು.

"ಅಡಿಕ್ಕಟ್ಟುಂ" ಎಂದಳು ಅವಳು. ಜರ್ಕ್ ಹೊಡೆದರೆ ಹೊಡೆಯಲಿ.

ಮರಳಿನ ಮೂಟೆ ಕೂರಿಸಿ ಬೆಳಿಗ್ಗೆಯೆಲ್ಲ ಓಡಿಸಿ ನೋಡಿದೆವು. ಆಮೇಲೆ ಅವಳು ಮುಂದಿನ ಗಾಡಿಯಿಂದ ಮೂಟೆ ಇಳಿಸಿ, ನನಗೆ, "ಕೂತ್ಕೊ" ಎಂದಳು.

ಕೂತೆ. ಅವಳು ಸೂರಿನ ಕೆಳಗಿನ ಹಲಗೆಗೆ ಹತ್ತಿ, ದೀಪದ, ಗಾಡಿಯ ಸ್ವಿಚ್ಚುಗಳ ಹತ್ತಿರ ನಿಂತಳು. ದೀಪ ಆರಿತು. ಗಾಡಿ ಹೊರಟಿತು. ಹೊಗೆ, ಬುರುಡೆಗಳು, ಮುಖದ ಮೇಲೆ ಹರಿದ ಒದ್ದೆ ನೂಲು. ಕೊನೆಯ ತಿರುವು. ಕತ್ತಿನ ಹಿಂದೆ ತಣ್ಣನೆಯ ಗಾಳಿ. ನಾನು ಸ್ವಿಚ್ಚು ಇಟ್ಟವನು, ಏನು ಬರುತ್ತದೆಂದು ಗೊತ್ತಿದ್ದವನು. ಆದರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿದೆ. ಮೇಲೆ ಚಕ್ರ ಉರುಳುವ ಸದ್ದು ಬಂತು, ಹತ್ತಿರವಾಯಿತು, ಒಮ್ಮೆ ಕುಲುಕಿತು, ನಿಂತಿತು. ಗಾಡಿಯೂ ನಿಂತಿತು. ಅವಳು ದೀಪ ಹಾಕಿದ್ದು ರೆಪ್ಪೆಯ ಒಳಗೇ ತಿಳಿಯಿತು.

"ಕಣ್ ಬುಡ್ಲಾ!" ಮೇಲಿನಿಂದ ಕೂಗಿದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಲಾ ಎಂದಿರಲಿಲ್ಲ. "ಕಣ್ ಬುಟ್ಟು ನೋಡು."

ನೋಡಿದೆ. ದೊಡ್ಡಮ್ಮನ ಮುಖ ನನ್ನ ಮುಖದ ಮೇಲೆ, ಒಂದು ಮೊಳ ದೂರದಲ್ಲಿ. ಅವಳ ಬೆನ್ನ ಹಿಂದೆ ತಂತಿ ಬಿಗಿಯಾಗಿ ನಿಂತಿತ್ತು. ಕ್ಲಾಂಪಿನಿಂದ ಆಚೆ ಗೇಣುದ್ದ ಬಾಲ, ಎರಡೂ ತಂತಿಗಳಿಗೂ, ಕತ್ತರಿಸದೆ, ಎಲ್ಲರ ಕಣ್ಣಿಗೂ ಕಾಣುವ ಹಾಗೆ ಚಾಚಿಕೊಂಡಿತ್ತು.

"ನೋಡ್ದ್ಯಾ?"

"ನೋಡ್ದೆ" ಎಂದೆ.

"ಇನ್ನೊಂದ್ ಸಲ" ಎಂದಳು, ದೀಪ ಆರಿಸಿದಳು.